ತೆರೆದ ಬಾನೆಟ್ಟು, ಬಗ್ಗಿಸಿದ ತಲೆ

ಮಾರ್ಚ್ ೩, ಸೋಮವಾರ

ಅಂಗಡಿ ಯಜಮಾನರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಎರಡು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ತೆರೆದಿದ್ದೇನೆ. ಯಾರನ್ನಾದರೂ ಬೈಯದಿದ್ದರೆ ನನಗೆ ತಲೆ ಸಿಡಿಯುತ್ತದೆ, ಬೈಸಿಕೊಳ್ಳಬೇಕಾದವರು ಒಳಗೆ ಮಂಚದ ಮೇಲೆ ಬೋರಲು ಮಲಗಿದ್ದಾರೆ. ಮುಖ ಕಾಣದವರನ್ನು ಬೈದರೆ ಬೈದ ಹಾಗೇ ಅನ್ನಿಸುವುದಿಲ್ಲ.

ಇವರ ಬಲಗಣ್ಣಿನ ಒಳಪರದೆ ಕಿತ್ತುಬಂದಿತ್ತು. ಶನಿವಾರ ಆಪರೇಷನ್ ಮಾಡಿ ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಆ ಗುಳ್ಳೆ ಮೇಲಕ್ಕೆ ತೇಲಿ ಪರದೆಯನ್ನು ಒತ್ತಿ ಹಿಡಿದರೆ ಮಾತ್ರ ಅದು ಅಂಟಿಕೊಳ್ಳುತ್ತದಂತೆ. ಅದಕ್ಕಾಗಿ ಹದಿನಾಲ್ಕು ದಿನ ಮುಖ ನೆಲ ನೋಡುತ್ತಲೇ ಇರಬೇಕು. ಉಣ್ಣುವಾಗ, ಮಲಗುವಾಗ, ಬಚ್ಚಲಿಗೆ ಹೋಗುವಾಗಲೂ. "ತಲೆ ಎತ್ತಿದ್ರೆ ನನ್ನ ಕೆಲಸ ಎಲ್ಲ ನೀರಲ್ಲಿ ಹೋಮ" ಎಂದರು ಡಾಕ್ಟರಮ್ಮ. ಎಡಗಣ್ಣು ಮೂರು ವರ್ಷದ ಹಿಂದೆಯೇ ಮಂಜಾಗಿದೆ. ಅದನ್ನು ಯಾರಿಗೂ ಹೇಳದೆ, ಹೆಂಡತಿಗೂ ಹೇಳದೆ, ಒಂದೇ ಕಣ್ಣಿನಲ್ಲಿ ಜನರನ್ನು ಕೂರಿಸಿಕೊಂಡು ಬಾಡಿಗೆ ಕಾರು ಓಡಿಸುತ್ತಿದ್ದ ಧೀರರು ಇವರು. ಈಗ ಉಳಿದಿರುವುದು ಈ ಬಲಗಣ್ಣೊಂದೇ.

ಆಸ್ಪತ್ರೆಯಿಂದ ಬಂದವರು ದಿಂಬಿಗೆ ಹಣೆ ಊರಿ ಮೊದಲು ಕೇಳಿದ್ದು ಏನು? "ಕಾರಿಗೆ ಹೊದಿಕೆ ಹಾಕಿದ್ದೀಯಾ?"

ಮಾರ್ಚ್ ೪, ಮಂಗಳವಾರ

ಒಲೆಯ ಮೇಲೆ ಹಾಲಿಟ್ಟು ತಿರುಗಿ ನೋಡುತ್ತೇನೆ, ಮಹಾನುಭಾವರು ಬಾಗಿಲ ಹತ್ತಿರ! ಗೋಡೆ ಹಿಡಿದುಕೊಂಡು ಅಂಗಳಕ್ಕೆ ಹೊರಟಿದ್ದಾರೆ. ತಲೆ ಅರ್ಧ ಎದ್ದಿತ್ತು. ನಾನು ಕಿರುಚಿದ ರಭಸಕ್ಕೆ ಹಾಲೂ ಉಕ್ಕಿತು, ಪಕ್ಕದ ಮನೆಯವರೂ ಕಿಟಕಿಗೆ ಬಂದರು. ಕತ್ತು ಹಿಡಿದು ಬಗ್ಗಿಸಿ ಕರೆತಂದು ಮಲಗಿಸಿದೆ.

ಸಂಗತಿ ಇಷ್ಟು. ಇಪ್ಪತ್ತನೇ ತಾರೀಖು ಗಾಡಿಯ ತಪಾಸಣೆ. ಹೋದ ವರ್ಷವೇ ಅಧಿಕಾರಿ ಬಾನೆಟ್ಟು ಎತ್ತಿ, ಎಂಜಿನ್ ಪೂರ್ತಿ ಆಯಿಲ್ ಜಿಡ್ಡು, ಎಲ್ಲಿ ಸೋರುತ್ತಿದೆ ಅಂತಲೂ ಕಾಣುವುದಿಲ್ಲ, ಮುಂದಿನ ಸಲ ಹೀಗೇ ತಂದರೆ ರಸ್ತೆಗೆ ಬಿಡುವುದಿಲ್ಲ ಎಂದಿದ್ದರಂತೆ. ಒಂದು ವರ್ಷ ಸುಮ್ಮನಿದ್ದವರಿಗೆ ಕಣ್ಣಿಗೆ ಗುಳ್ಳೆ ಹಾಕಿಸಿಕೊಂಡ ಮೇಲೆ ನೆನಪು ಬಂದಿದೆ.

"ನಾನು ಬಗ್ಗಿಕೊಂಡೇ ಕ್ಲೀನ್ ಮಾಡ್ತೀನಿ ಬಿಡೇ, ಯಾರಿಗೆ ಗೊತ್ತಾಗುತ್ತೆ?"

"ನಿಮ್ಮ ಕಣ್ಣಿಗೆ ಗೊತ್ತಾಗುತ್ತೆ ಕಣ್ರೀ!"

ಆದರೂ ನನಗೆ ಗೊತ್ತು, ನಾನು ಅಂಗಡಿಗೆ ಹೋದರೆ ಸಾಕು, ಇವರು ಏಳುತ್ತಾರೆ. ರಜೆ ಹಾಕಿದೆ. ಕೊನೆಗೆ ಬಾಯಿ ಬಿಟ್ಟು ಹೇಳಿದೆ, ನೀವು ಅಲುಗಾಡದೆ ಮಲಗುವುದಾದರೆ ಆ ಎಂಜಿನ್ನನ್ನು ನಾನೇ ತೊಳೆಯುತ್ತೇನೆ ಎಂದು. ದಿಂಬಿನೊಳಗಿಂದ ನಗು ಕೇಳಿಸಿತು. ನಗಲಿ. ಇಪ್ಪತ್ತಾರು ವರ್ಷದಿಂದ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವವಳು ನಾನು. ಮದುವೆಯ ಬಟ್ಟೆಯ ಮೇಲಿನ ವೈನ್, ಡಾಕ್ಟರರ ಕೋಟಿನ ಮೇಲಿನ ರಕ್ತ, ಇವರ ಅಂಗಿಯ ಕಾಲರಿನ ಗ್ರೀಸು, ಎಲ್ಲ ತೆಗೆದಿದ್ದೇನೆ. ಒಂದು ಕಬ್ಬಿಣದ ಡಬ್ಬ ಯಾವ ಲೆಕ್ಕ?

ಮಾರ್ಚ್ ೬, ಗುರುವಾರ

ಮೆಕ್ಯಾನಿಕ್ ಬಂದಿದ್ದ. ಏನು ಕೇಳಿದರೂ ನಾಳೆ ಎನ್ನುವುದರಿಂದ ಬೀದಿಯಲ್ಲಿ ಅವನಿಗೆ ನಾಳೆಪ್ಪ ಎಂದೇ ಹೆಸರು. ಬಾನೆಟ್ಟು ಎತ್ತಿ ಮೂಗು ಮುರಿದ.

"ಅಮ್ಮಾ, ಮೊದ್ಲು ಇದನ್ನ ತೊಳೆದು ಇಡಿ. ಜಿಡ್ಡಿನ ಕೆಳಗೆ ಎಲ್ಲಿ ಸೋರ್ತಿದೆ ಅಂತ ದೇವರಿಗೂ ಕಾಣಲ್ಲ. ತೊಳೆದ್ಮೇಲೆ ಬರ್ತೀನಿ."

"ಯಾವಾಗ?"

"ನಾಳೆ."

ಒಳಗೆ ಇಣುಕಿದೆ. ಅಬ್ಬಬ್ಬಾ! ಇಪ್ಪತ್ತೆರಡು ವರ್ಷದ ಆಯಿಲ್, ಅದರ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಆಯಿಲ್. ಒಣಗಿದ ಎಲೆಗಳು, ಒಂದು ಪೆನ್ನಿನ ಮುಚ್ಚಳ, ಇಲಿ ಕಡಿದ ಸ್ಪಂಜು. ಮನೆಯಲ್ಲಿ ಚಪ್ಪಲಿ ಅಡ್ಡ ಇದ್ದರೆ ಕೂಗಾಡುವ ಮನುಷ್ಯ ತಮ್ಮ ಪ್ರಾಣಪ್ರಿಯೆಯನ್ನು ಇಟ್ಟುಕೊಂಡ ಚಂದ ಇದು. ಒಂದು ಕ್ಷಣ ಸಮಾಧಾನವೂ ಆಯಿತು, ಸತ್ಯ ಹೇಳಬೇಕು. ಅವಳನ್ನೂ ಇವರು ಸರಿಯಾಗಿ ನೋಡಿಕೊಂಡಿಲ್ಲ.

ಮಾರ್ಚ್ ೮, ಶನಿವಾರ

ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ. ಮಂಚವನ್ನು ಅಂಗಳದ ಕಿಟಕಿಗೆ ಎಳೆದು ತಂದಿದ್ದೆ, ಇವರು ನೆಲ ನೋಡುತ್ತಾ ಆಜ್ಞೆ ಮಾಡುತ್ತಿದ್ದರು.

"ಎಂಜಿನ್ ತಣ್ಣಗಿದೆಯಾ?"

"ನಿಮ್ಮಷ್ಟೇ ತಣ್ಣಗಿದೆ."

"ಬ್ಯಾಟರಿದು ಮೈನಸ್ ವೈರ್ ಮೊದ್ಲು ಬಿಚ್ಚು. ಗಾಳಿ ಎಳೆಯೋ ಬಾಯಿಗೆ, ಕರೆಂಟ್ ಭಾಗಕ್ಕೆಲ್ಲ ಪ್ಲಾಸ್ಟಿಕ್ ಕವರ್ ಕಟ್ಟು. ಆಮೇಲೆ ಸೀಮೆಎಣ್ಣೆ ಸುರಿದು..."

ಸೀಮೆಎಣ್ಣೆಯಂತೆ! ಜಿಡ್ಡಿಗೆ ಇನ್ನೊಂದು ಜಿಡ್ಡು. ಬೆಂಕಿ ಹೊತ್ತಿಕೊಂಡರೆ ಕಣ್ಣಿನ ಜೊತೆ ಮನೆಯೂ ಹೋಗುತ್ತದೆ. ಕಲೆಯನ್ನು ಯಾರೂ ನಡುವಿನಿಂದ ಉಜ್ಜಬಾರದು, ಅಂಚಿನಿಂದ ಒಳಕ್ಕೆ ಬರಬೇಕು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಇಲ್ಲೂ ಹಾಗೇ ಮಾಡಿದೆ. ಜಿಡ್ಡು ತೆಗೆಯುವ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಸಿಂಪಡಿಸಿ, ಒಣಗಲು ಬಿಡದೆ, ಮೂಲೆಗೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಅಗಲ ಜಾಗಕ್ಕೆ ಪಾತ್ರೆ ಬ್ರಷ್ಷು ಹಿಡಿದು ಉಜ್ಜಿದೆ. ಪೈಪಿನ ನೀರು ರಭಸವಾಗಿ ಬಿಡದೆ, ಮಗ್ಗಿನಲ್ಲಿ ಹಿತವಾಗಿ ಹೊಯ್ದೆ. ಕಪ್ಪು ನೀರು ಚರಂಡಿಗೆ ಹೋಗದ ಹಾಗೆ ಕೆಳಗೆ ಟಬ್ಬು ಇಟ್ಟಿದ್ದೆ, ಅದು ಮೂರು ಸಲ ತುಂಬಿತು.

ಹತ್ತು ಗಂಟೆಗೆ ಇವರ ಅಕ್ಕ ಬಂದರು. ನನಗೆ ಅತ್ತಿಗೆ. ತಮ್ಮನ ಬೆನ್ನು ಸವರಿ "ಪಾಪ, ಪಾಪ" ಎಂದು ಇಪ್ಪತ್ತು ಸಲ ಹೇಳಿ, ಅಂಗಳಕ್ಕೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಗಂಡ ಹಾಸಿಗೆ ಹಿಡಿದಿದ್ದಾನೆ, ನೀನು ಕಾರು ತೊಳೀತಿದ್ದೀಯಲ್ಲೇ!"

"ಹಾಸಿಗೇಲಿ ಹಿಡಿದಿಡೋಕೇ ತೊಳೀತಿರೋದು ಅತ್ತಿಗೇ. ಬ್ರಷ್ ಇನ್ನೊಂದಿದೆ, ಕೊಡ್ಲಾ?"

ಟೀ ಕುಡಿದು ಹೊರಟುಹೋದರು.

ಸಂಜೆಯ ಹೊತ್ತಿಗೆ ಎಂಜಿನ್ನಿನ ನಿಜವಾದ ಬಣ್ಣ ಕಂಡಿತು. ಬೂದು ಬಣ್ಣ. ಇಷ್ಟು ವರ್ಷ ಕಪ್ಪು ಅಂದುಕೊಂಡಿದ್ದೆ.

ಮಾರ್ಚ್ ೯, ಭಾನುವಾರ

ಇವತ್ತು ಆದದ್ದನ್ನು ಬರೆದೇ ಮಲಗುತ್ತೇನೆ.

ಅಂಗಡಿಯಲ್ಲಿ ಕೋಟಿನ ಗುಂಡಿ ಕಿತ್ತಿಟ್ಟ ಮೇಲಷ್ಟೇ ನಾವು ಕಲೆಗೆ ಕೈ ಹಾಕುವುದು. ಎಂಜಿನ್ನಿನ ಮೇಲೆ ನಾಲ್ಕು ದಪ್ಪ ವೈರು ಇದ್ದವು, ಒಂದು ಕರಿ ಮುಚ್ಚಳದಿಂದ ನಾಲ್ಕು ಪ್ಲಗ್ಗಿಗೆ ಹೋಗುವಂಥವು. ಅವುಗಳ ಸಂದಿನಲ್ಲೇ ಹೆಚ್ಚು ಜಿಡ್ಡು. ಕೇಳಿದರೆ ಬೇಡ ಅನ್ನುತ್ತಾರೆ ಎಂದು ಕೇಳದೆ ನಾಲ್ಕನ್ನೂ ಎರಡೂ ತುದಿಯಿಂದ ಕಿತ್ತೆ. ಒಂದೊಂದರ ಮೇಲೂ ಕೆಂಪು ಚುಕ್ಕೆಗಳಿದ್ದವು. ಕೆರೆದು ನೋಡಿದೆ, ಉಗುರು ಬಣ್ಣ! ಮುಚ್ಚಳದ ಮೇಲೂ ಅದೇ. ಉಗುರು ಬಣ್ಣ ನನಗೆ ಎರಡು ನಿಮಿಷದ ಕೆಲಸ. ಅಂಗಡಿಯಿಂದ ತಂದ ದ್ರಾವಣ ಹತ್ತಿಗೆ ಹಾಕಿ ಒಂದೂ ಉಳಿಯದ ಹಾಗೆ ಒರೆಸಿದೆ. ಒರೆಸಿದ್ದಕ್ಕೆ ಹೆಮ್ಮೆಯೂ ಪಟ್ಟೆ, ಬೆಪ್ಪುತಕ್ಕಡಿ.

ಒಣಗಿದ ಮೇಲೆ ಎಲ್ಲ ಸಿಕ್ಕಿಸಿ, ಕವರು ಬಿಚ್ಚಿ, ಬ್ಯಾಟರಿ ವೈರು ಕೂಡಿಸಿ, ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಕುಲುಕಿತು, ಆಮೇಲೆ ಢಮ್ ಎಂದಿತು. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಕಾರಿನಿಂದ ಇಳಿದು ನೋಡುತ್ತೇನೆ, ಇವರು ಹೊಸ್ತಿಲು ದಾಟಿ ಅಂಗಳಕ್ಕೆ ಬಂದುಬಿಟ್ಟಿದ್ದಾರೆ. ಕಣ್ಣು ಕಳೆದೆ, ನನ್ನ ಕೈಯಾರೆ ಕಳೆದೆ ಎಂದೇ ಅಂದುಕೊಂಡೆ. ಆದರೆ ಗಲ್ಲ ಎದೆಗೆ ಅಂಟಿದ ಹಾಗೇ ಇತ್ತು. ತಮ್ಮ ಕಾಲ್ಬೆರಳನ್ನೇ ನೋಡಿಕೊಂಡು, ಗೋಡೆ ತಡವುತ್ತಾ ಬಂದಿದ್ದರು. "ನಿಂಗೇನಾಯ್ತೇ? ಸುಟ್ಟುಕೊಂಡ್ಯಾ?" ಎಂದು ನೆಲಕ್ಕೆ ಕೇಳಿದರು.

ಕಾರಿಗಲ್ಲ, ನನಗೇನಾಯ್ತು ಎಂದು ಕೇಳಿದರು. ಗಾಬರಿಯಲ್ಲಿ ಬಾಯಿ ತಪ್ಪಿರಬೇಕು.

ಚುಕ್ಕೆಯ ಕಥೆ ಹೇಳಿದೆ. ಇವರು ನಕ್ಕರು, ಬಗ್ಗಿಕೊಂಡೇ, ಭುಜ ಕುಣಿಸಿಕೊಂಡು. ಯಾವ ವೈರು ಯಾವ ಪ್ಲಗ್ಗಿಗೆ ಎಂದು ಗುರುತಿಗೆ ಒಂದು, ಎರಡು, ಮೂರು, ನಾಲ್ಕು ಚುಕ್ಕೆ ಇಟ್ಟಿದ್ದರಂತೆ, ಹತ್ತು ವರ್ಷದ ಹಿಂದೆ ಕಳೆದುಹೋದ ನನ್ನ ಉಗುರು ಬಣ್ಣದಲ್ಲಿ. ಆ ಬಾಟಲಿಗಾಗಿ ನಾನು ಮನೆಗೆಲಸದವಳ ಮೇಲೆ ಅನುಮಾನಪಟ್ಟಿದ್ದೆ. ಕಳ್ಳ ಮನೆಯಲ್ಲೇ ಇದ್ದ.

ಮಾರ್ಚ್ ೧೦, ಸೋಮವಾರ

ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸು ಹೇಳಿದ್ದು: ತಲೆ ಎತ್ತಿಲ್ಲ ಅಂದರೆ ಭಯವಿಲ್ಲ. ಕೂತರೂ ಸರಿ, ಮಲಗಿದರೂ ಸರಿ, ಮುಖ ಮಾತ್ರ ಕೆಳಗಿರಬೇಕು. ಕಣ್ಣಿಗೆ ಅಂಟಿಸಿದ ಪ್ಲಾಸ್ಟಿಕ್ ಬಟ್ಟಲು ತೆಗೆಯಬಾರದು, ನೀರು, ಧೂಳು ತಾಗಬಾರದು, ಭಾರ ಎತ್ತಬಾರದು.

ಫೋನ್ ಇಟ್ಟ ಮೇಲೆ ಹೊಳೆಯಿತು. ಮುಖ ಕೆಳಗಿಟ್ಟು ಗಂಟೆಗಟ್ಟಲೆ ಇರಲು ಹೇಳಿಮಾಡಿಸಿದ ಜಾಗ ಈ ಭೂಮಿಯ ಮೇಲೆ ಒಂದೇ ಇದೆ, ತೆರೆದ ಬಾನೆಟ್ಟಿನ ಕೆಳಗೆ. ಹೇಗೂ ಇವರು ಅರ್ಧ ಆಯುಸ್ಸು ಅಲ್ಲೇ ಕಳೆದದ್ದು.

ಮಾರ್ಚ್ ೧೧, ಮಂಗಳವಾರ

ಕಾರಿನ ಅಂಚಿಗೆ ದಿಂಬು ಕಟ್ಟಿ, ಅದರ ಮೇಲೆ ಒಗೆದ ಬಿಳಿ ಟವಲು ಹಾಸಿ, ಮುಂದೆ ಸ್ಟೂಲಿಟ್ಟು ಕೂರಿಸಿದೆ. ಹಣೆ ದಿಂಬಿಗೆ, ಕೈ ಎಂಜಿನ್ನಿಗೆ. ಗುಳ್ಳೆ ಇರುವುದರಿಂದ ಏನೂ ಕಾಣುವುದಿಲ್ಲ, ನೀರಿನೊಳಗೆ ಕಣ್ಣು ಬಿಟ್ಟ ಹಾಗಿದೆಯಂತೆ. ಆದರೆ ಬೆರಳಿಗೆ ಎಲ್ಲ ಗೊತ್ತು.

"ಕಿಡಿ ಹೋಗೋ ಕ್ರಮ ಒಂದು, ಮೂರು, ನಾಲ್ಕು, ಎರಡು. ಅದು ಗೊತ್ತು. ಮುಚ್ಚಳದ ಮೇಲೆ ಒಂದನೇದು ಎಲ್ಲಿಂದ ಶುರು ಅನ್ನೋದೇ ಗೊತ್ತಿಲ್ಲ."

"ಇಪ್ಪತ್ತೆರಡು ವರ್ಷ ಓಡಿಸಿದ್ದೀರಿ!"

"ಚುಕ್ಕೆ ಇತ್ತಲ್ಲೇ."

ನಾಲ್ಕು ಸಲ ಹಾಕಿ ನೋಡಿದರೆ ಒಂದು ಸರಿಹೋಗಲೇಬೇಕು. ಇವರು ವೈರು ಹಿಡಿದು ಹೇಳುತ್ತಿದ್ದರು, ನಾನು ಸಿಕ್ಕಿಸುತ್ತಿದ್ದೆ. ಕೀ ತಿರುಗಿಸುವ ಮೊದಲು ಪ್ರತಿ ಸಲವೂ ಇವರನ್ನು ಎಬ್ಬಿಸಿ, ಕತ್ತಿನ ಮೇಲೆ ಕೈಯಿಟ್ಟು, ಬಾಗಿಲವರೆಗೆ ನಡೆಸಿ, ಅಲ್ಲಿ ಕೂರಿಸಿ ಬರುತ್ತಿದ್ದೆ. ಮತ್ತೆ ಢಮ್ ಎಂದರೆ ಕಿಡಿ ಮುಖಕ್ಕೆ ಹಾರಬಾರದಲ್ಲ. ಮೊದಲನೆಯದು ಸದ್ದಿಲ್ಲ. ಎರಡನೆಯದು ಕೆಮ್ಮು. ಮೂರನೆಯದಕ್ಕೆ ಎಂಜಿನ್ ಗುರ್ರೆಂದು ಹಿಡಿದುಕೊಂಡಿತು. ಹೊಸ್ತಿಲ ಮೇಲೆ ಕೂತಿದ್ದ ಬಗ್ಗಿದ ತಲೆ "ಭೇಷ್!" ಎಂದಿತು. ನನಗೂ ಬಾಯಿಂದ ಏನೋ ಹೊರಬಿತ್ತು, ಏನೆಂದು ನೆನಪಿಲ್ಲ. ಕುಣಿದೆ ಎಂದು ಇವರು ಹೇಳುತ್ತಾರೆ. ನೆಲ ನೋಡುತ್ತಿದ್ದವರಿಗೆ ಹೇಗೆ ಗೊತ್ತು ಎಂದರೆ, ಕಾಲು ಕೇಳಿಸಿತು ಎನ್ನುತ್ತಾರೆ. ಸುಳ್ಳು.

ಮಧ್ಯಾಹ್ನ ಇಬ್ಬರೂ ಅಂಗಳದಲ್ಲೇ ಊಟ ಮಾಡಿದೆವು. ಇವರು ಮಾತಾಡಿದರು. ಚಿಕ್ಕಂದಿನಲ್ಲಿ ಬಸ್ಸು ಓಡಿಸುವವನ ಹಿಂದೆ ನಿಂತು ಗೇರು ಎಣಿಸುತ್ತಿದ್ದದ್ದು, ಮೊದಲ ಬಾಡಿಗೆಯಲ್ಲಿ ಒಬ್ಬ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು. ನಮಗೆ ಮದುವೆಯಾಗಿ ಮೂವತ್ತು ವರ್ಷ. ಒಂದನ್ನೂ ನಾನು ಕೇಳಿರಲಿಲ್ಲ. ಕೇಳಿರಲಿಲ್ಲವೋ, ಕೇಳಿಸಿಕೊಂಡಿರಲಿಲ್ಲವೋ. ಏನಾದರಾಗಲಿ, ಹೇಳುವುದಕ್ಕೆ ಇಷ್ಟು ದಿನ ಯಾರು ಬಾಯಿ ಕಟ್ಟಿದ್ದರು?

ಮಾರ್ಚ್ ೧೩, ಗುರುವಾರ

ನಾಳೆಪ್ಪ ಕೊನೆಗೂ ಬಂದ. ಬರುವ ಹೊತ್ತಿಗೆ ಸೋರುವ ಜಾಗ ನಾನೇ ಹಿಡಿದಿದ್ದೆ. ಬಟ್ಟೆಯ ಮೇಲೆ ಎಣ್ಣೆ ಎಷ್ಟು ಹರಡಿದೆ ಎಂದು ನೋಡಲು ನಾವು ಮುಖಕ್ಕೆ ಹಚ್ಚುವ ಪೌಡರು ಉದುರಿಸುತ್ತೇವೆ, ಎಣ್ಣೆ ಇರುವಲ್ಲಿ ಅದು ಒದ್ದೆಯಾಗಿ ಕಪ್ಪಾಗುತ್ತದೆ. ಶುಭ್ರವಾದ, ಒಣಗಿದ ಎಂಜಿನ್ನಿನ ಮೇಲೆ ಹಾಗೇ ಪೌಡರು ಉದುರಿಸಿ, ಹತ್ತು ನಿಮಿಷ ಓಡಿಸಿ ನಿಲ್ಲಿಸಿದೆ. ಮೇಲಿನ ತಗಡು ಮುಚ್ಚಳದ ಹಿಂದಿನ ಮೂಲೆಯಲ್ಲಿ ಒಂದು ಕಪ್ಪು ಗೆರೆ ಇಳಿದು ಬಂತು.

"ಮುಚ್ಚಳದ ಕೆಳಗಿನ ರಬ್ಬರ್ ಗ್ಯಾಸ್ಕೆಟ್ ಹೋಗಿದೆ" ಎಂದು ತಲೆ ಕೆರೆದುಕೊಂಡ ನಾಳೆಪ್ಪ. "ಅಮ್ಮಾ, ಈ ಪೌಡರ್ ವಿದ್ಯೆ ನಿಮ್ಗೆ ಯಾರು ಹೇಳ್ಕೊಟ್ರು? ನಮ್ಮ ಗುರುಗಳು ಮಾಡ್ತಿದ್ರು, ನಾನು ಮರ್ತೇಬಿಟ್ಟಿದ್ದೆ."

"ನೀನು ಮರೀದೇ ಇರೋದು ಏನಾದ್ರೂ ಇದ್ಯಾ?"

ದಿಂಬಿನ ಮೇಲಿದ್ದ ತಲೆ ಹೇಳಿತು, "ನನ್ನ ಹೆಂಡ್ತಿ ಕಣಯ್ಯಾ." ಬೀಗುವುದು ನೋಡು, ತಾವೇ ಹೇಳಿಕೊಟ್ಟ ಹಾಗೆ.

ಇವತ್ತೇ ಗ್ಯಾಸ್ಕೆಟ್ ಬದಲಾಯಿಸಿ ಹೋದ. ನಾಳೆಪ್ಪ ಇವತ್ತು ಎಂದದ್ದು ಇದೇ ಮೊದಲು.

ಮಾರ್ಚ್ ೧೫, ಶನಿವಾರ

ಹದಿನಾಲ್ಕು ದಿನ ಮುಗಿಯಿತು. ತಲೆ ಎತ್ತಿದರು. ಕತ್ತು ಹಿಡಿದುಕೊಂಡಿದೆ. ಗುಳ್ಳೆ ಇನ್ನೂ ಇದೆ, ಚಿಕ್ಕದಾಗಿ ತಳದಲ್ಲಿ ಕುಣಿಯುತ್ತಿದೆಯಂತೆ. ಪೂರ್ತಿ ಹೋದ ಮೇಲೆ ಗೊತ್ತಾಗುತ್ತದೆ ಎಂದಿದ್ದಾರೆ.

ನಾನು ಬೆಳಿಗ್ಗೆಯಿಂದ ಅದೇ ತಪಲೆಯನ್ನು ಮೂರು ಸಲ ತೊಳೆದೆ.

ಮಾರ್ಚ್ ೨೦, ಗುರುವಾರ

ನಾಳೆಪ್ಪ ಕಾರು ಓಡಿಸಿಕೊಂಡು ಹೋದ, ನಾನು ಪಕ್ಕದಲ್ಲಿ ಕೂತಿದ್ದೆ. ದಾರಿಯಲ್ಲಿ ಎಂಜಿನ್ ಒಂದು ಕಡೆ ಕೀಚಲು ದನಿ ಮಾಡಿತು. "ಬೆಲ್ಟ್ ಸಡಿಲ ಇದೆ, ಬಿಗಿ ಮಾಡು" ಎಂದೆ. ನನ್ನನ್ನೊಮ್ಮೆ ನೋಡಿ ನಿಲ್ಲಿಸಿ ಬಿಗಿ ಮಾಡಿದ.

ತಪಾಸಣೆಯ ಅಧಿಕಾರಿ ಬಾನೆಟ್ಟು ಎತ್ತಿ, "ಹೊಸ ಎಂಜಿನ್ ಹಾಕ್ಸಿದ್ರಾ?" ಎಂದ. ಆ ಗರಿಗರಿ ಅಂಗಿಯ ಜೇಬಿನ ಕೆಳಗೆ ಶಾಯಿಯ ಕಲೆ ಇತ್ತು. ಹಾಲಿನಲ್ಲಿ ನೆನೆಸಿ ಎಂದು ಹೇಳಿ ಬಂದೆ. ಪಾಸು.

ಮಾರ್ಚ್ ೨೪, ಸೋಮವಾರ

ಆಸ್ಪತ್ರೆಗೆ ಹೋಗಿದ್ದೆವು. ಪರೀಕ್ಷೆಯ ಕೋಣೆಗೆ ಒಬ್ಬರನ್ನೇ ಬಿಡುತ್ತಾರೆ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಇವರು ನಗುತ್ತಾ ಬಂದರು.

"ಎಲ್ಲ ಸರಿ ಅಂದ್ರು. ಗಾಡಿನೂ ಓಡಿಸ್ಬಹುದಂತೆ."

ಅಬ್ಬಾ ಎನ್ನಿಸಿತು. ಬಸ್ಸಿನಲ್ಲಿ ಬರುವಾಗ ಕಣ್ಣು ಮುಚ್ಚಿಕೊಂಡು ಕೂತಿದ್ದರು, ಸುಸ್ತಾಗಿದೆ ಎಂದರು. ನಾಳೆಯಿಂದ ಮತ್ತೆ ಅದೇ ಪಾಡು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು, ಬಂದು ಗೋಡೆ ನೋಡಿಕೊಂಡು ಉಣ್ಣುವುದು. ನನಗೂ ಅಂಗಡಿ ಇದೆ. ಒಳ್ಳೆಯದೇ ಆಯಿತು ಬಿಡು.

ಮಾರ್ಚ್ ೨೫, ಮಂಗಳವಾರ

ಅಂಗಡಿಗೆ ಹೋಗಲಿಲ್ಲ.

ಬೆಳಿಗ್ಗೆ ಇವರಿಗಿಂತ ಮೊದಲು ಎದ್ದು ಬಾನೆಟ್ಟು ಎತ್ತಿ ಒಂದು ಸಲ ಒರೆಸಿದೆ. ಯಾರೂ ಹೇಳಿರಲಿಲ್ಲ, ಅಭ್ಯಾಸ ಆಗಿಬಿಟ್ಟಿದೆ. ಟೀಗೆ ನೀರು ಕುದಿಯುವ ಸದ್ದು ಕೇಳಿ, ಒರೆಸುವ ಹಳದಿ ಬಟ್ಟೆಯನ್ನು ಬೆಲ್ಟಿನ ಮೇಲೇ ಬಿಟ್ಟು ಒಳಗೆ ಓಡಿದೆ. ಮರಳಿ ಬರುವಷ್ಟರಲ್ಲಿ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾನೆಟ್ಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ನೇರ ಒಳಗೆ ನೋಡುತ್ತಿದ್ದರು.

"ಕನ್ನಡಿ ಥರ ಮಾಡಿದ್ದೀಯಲ್ಲೇ! ಒಂದು ಕಸ ಇಲ್ಲ" ಎಂದು ಬಾನೆಟ್ಟು ಮುಚ್ಚಲು ಕೈ ಎತ್ತಿದರು.

ಬಟ್ಟೆ ಅಲ್ಲೇ ಇತ್ತು, ನಟ್ಟನಡುವೆ, ಹಾಸಿದ ಹಾಗೆ. ಬೀದಿಯ ಆ ತುದಿಯಿಂದಲೂ ಕಾಣುವಂಥ ಹಳದಿ.

ಟೀ ಕೆಳಗಿಟ್ಟೆ. ಅವರ ಕೈ ಹಿಡಿದು ಆ ಬಟ್ಟೆಯ ಮೇಲೆ ಇಟ್ಟೆ.

"ಇದೇನು?"

ಬೆರಳು ಅದನ್ನು ಹಿಸುಕಿ ನೋಡಿತು. "...ಬಟ್ಟೆ."

"ಬಣ್ಣ?"

ಬಟ್ಟೆಯನ್ನು ಮಡಿಸತೊಡಗಿದರು.

"ಡಾಕ್ಟರಮ್ಮ ಏನಂದ್ರು ರೀ? ನಿಜ ಹೇಳಿ."

"ಪರದೆ ಅಂಟಿಕೊಂಡಿದೆ. ಸುತ್ತ ಕಾಣುತ್ತೆ. ನಡುವಿನ ನೋಟ ಹೋಗಿದೆ, ಬರಲ್ಲ ಅಂದ್ರು. ಗಾಡಿ ಮುಟ್ಬೇಡಿ ಅಂದ್ರು."

"ಆ ದಿನ ಢಮ್ ಅಂದಾಗ ತಲೆ ಎತ್ತಿದ್ರಾ? ನನ್ನಾಣೆ ಹೇಳಿ."

"ಇಲ್ಲ ಕಣೇ. ನೀನು ಕತ್ತು ಹಿಡಿದು ಮಲಗಿಸಿದ್ಮೇಲೆ ಒಂದು ಸಲನೂ ಎತ್ತಿಲ್ಲ. ನೀನು ಕಾವಲಿದ್ದೆಯಲ್ಲ. ನಾನೇ ತಡ ಮಾಡ್ದೆ. ಕಣ್ಣಿಗೆ ಕಪ್ಪು ನೆರಳು ಬಂದ್ಮೇಲೂ ಹತ್ತು ದಿನ ಬಾಡಿಗೆ ಹೊಡೆದೆ."

"ಮತ್ತೆ ಈಗ ಎಲ್ಲಿಗೆ ಹೊರಟಿದ್ರಿ?"

"ಬೀದಿ ತುದಿವರೆಗೆ. ಒಂದೇ ಒಂದು ಸಲ. ನೀನು ಇಷ್ಟು ಚೆನ್ನಾಗಿ ಮಾಡಿದ್ದೀಯ, ಓಡಿಸ್ದೆ ಹೇಗೆ ಬಿಡ್ಲಿ?"

ಆಮೇಲೆ ನಾನು ಬೈದೆ. ಮೂವತ್ತು ವರ್ಷದ್ದೆಲ್ಲ ಸೇರಿಸಿ ಬೈದೆ. ಬೀದಿ ತುದಿಯಲ್ಲಿ ಯಾರ ಮಗು ಆಡುತ್ತಿರುತ್ತದೋ ಎಂದು ಬೈದೆ, ಹೇಳದೆ ಮುಚ್ಚಿಟ್ಟದ್ದಕ್ಕೆ ಬೈದೆ, ಆ ಹತ್ತು ದಿನಕ್ಕೆ ದಿನಕ್ಕೊಂದರಂತೆ ಬೈದೆ. ಅಳುತ್ತಲೇ ಬೈದೆ, ಯಾಕೆ ಸುಳ್ಳು ಬರೆಯಲಿ. ಅವರು ಕಾರಿಗೆ ಒರಗಿ ಎಲ್ಲ ಕೇಳಿಸಿಕೊಂಡರು. ನನ್ನ ಕಡೆಗೇ ಮುಖ ಮಾಡಿದ್ದರು, ಆದರೆ ನೋಟ ನನ್ನ ಕಿವಿಯ ಆಚೆ ಎಲ್ಲೋ ಇತ್ತು.

"ಬೈತಿರೋದು ನಿಮ್ಮನ್ನ! ಇಲ್ಲಿ ನೋಡಿ, ನನ್ನ ನೋಡಿ" ಎಂದು ಕೂಗಿದೆ.

"ನೇರ ನೋಡಿದ್ರೆ ನೀನು ಇರಲ್ಲ ಕಣೇ. ಮುಖದ ಜಾಗದಲ್ಲಿ ಏನೂ ಇಲ್ಲ. ಅದಕ್ಕೇ ಪಕ್ಕಕ್ಕೆ ನೋಡ್ತಿದ್ದೀನಿ."

ಇಷ್ಟು ವರ್ಷ ನೇರ ನೋಡಿದ್ದೇ ಇಲ್ಲವಲ್ಲ, ಈಗೇನು ಕಳಕೊಂಡ್ರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹೆಡ್‌ಲೈಟಿನ ಹತ್ತಿರ ನಿಂತೆ.

"ಈಗ?"

ಕಣ್ಣು ಕಿರಿದು ಮಾಡಿದರು.

"ಇನ್ನೂ ಸ್ವಲ್ಪ."

ಇನ್ನೂ ಸ್ವಲ್ಪ ಸರಿದೆ.

"ಹೂಂ. ಈಗ ಇದ್ದೀಯ."

ತಲೆ ಬಾಚಿರಲಿಲ್ಲ, ಮೂಗು ಸೋರುತ್ತಿತ್ತು, ಕೆನ್ನೆಗೆ ಗ್ರೀಸು ಮೆತ್ತಿತ್ತು. ಆದರೂ ಅಲ್ಲೇ ನಿಂತಿದ್ದೆ, ಅವರು ನೋಡಿ ಮುಗಿಸುವ ತನಕ.